ಬೇಟೆಗೆ, ಕಾಡು ಸುತ್ತಾಟಕ್ಕೆ ಮಲ್ಟಿಟೂಲ್ ಚಾಕು: ಮೊದಲು ಅಲಗು ನೋಡಿ, ಉಳಿದದ್ದು ಆಮೇಲೆ

ಮಲ್ಟಿಟೂಲ್ ಚಾಕು ಕೊಳ್ಳಲು ಹೊರಟವರ ಕಣ್ಣು ಮೊದಲು ಬೀಳುವುದು ಒಂದೇ ಅಂಕಿಯ ಮೇಲೆ. ಇದರಲ್ಲಿ ಎಷ್ಟು ಉಪಕರಣ ಇವೆ? 15, 20, 30... ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನಿಸುತ್ತದೆ, ಅಲ್ವಾ? ನಾನೂ ಮೊದಲ ಸಲ ಹಾಗೇ ಕೊಂಡೆ. ಕಾಡಿನಲ್ಲಿ ನಾಲ್ಕು ದಿನ ಕಳೆದ ಮೇಲೆ ಲೆಕ್ಕ ಹಾಕಿದರೆ ನಾನು ತೆರೆದದ್ದು ಮೂರೇ: ದೊಡ್ಡ ಅಲಗು, ಗರಗಸ, ಇಕ್ಕಳ. ಉಳಿದದ್ದೆಲ್ಲ ಸುಮ್ನೆ ಸೊಂಟದ ಮೇಲಿನ ಭಾರ. ಅದಕ್ಕಿಂತ ಬೇಸರ ತಂದದ್ದು ಬೇರೆ. ಇಷ್ಟೆಲ್ಲ ತುರುಕಿದ ಆ ಚಾಕುವಿನ ಅಲಗು ತೆಳುವಾಗಿ, ಸಡಿಲವಾಗಿ ಇತ್ತು, ನಿಜವಾಗಿ ಬೇಕಾದ ಹೊತ್ತಿಗೆ ಅದನ್ನು ನಂಬಲು ಆಗಲಿಲ್ಲ.

ಅಲ್ಲಿಂದ ಇಲ್ಲಿಯವರೆಗೆ ನಾನು ಪಾಲಿಸುವ ಕ್ರಮ ಇಷ್ಟೆ. ಮೊದಲು ಅಲಗು, ಆಮೇಲೆ ಲಾಕ್ (ತೆರೆದ ಅಲಗು ಒಮ್ಮೆಲೇ ಮಡಚಿಕೊಳ್ಳದಂತೆ ತಡೆಯುವುದು), ಆಮೇಲೆ ನಿಮ್ಮ ಕೆಲಸಕ್ಕೆ ಬೇಕಾದ ಮೂರೋ ನಾಲ್ಕೋ ಉಪಕರಣ. ಈ ಬರಹವೂ ಅದೇ ಕ್ರಮದಲ್ಲಿ ಹೋಗುತ್ತದೆ. ಬೇಟೆ ಎಂದಾಗಲೆಲ್ಲ ನಾನು ಹೇಳುತ್ತಿರುವುದು ಕಾನೂನು ಒಪ್ಪಿದ ಕಡೆ, ಪರವಾನಗಿ ಪಡೆದು, ಋತುವಿನಲ್ಲಿ ಮಾಡುವ ಬೇಟೆಯ ಬಗ್ಗೆ ಮಾತ್ರ.

ಹಂತ 1: ನಿಮ್ಮ ಕೆಲಸಗಳನ್ನು ಬರೆದುಕೊಳ್ಳಿ

ಒಂದು ಚೀಟಿ ತೆಗೆದುಕೊಳ್ಳಿ. ಹಿಂದಿನ ಎರಡು ಮೂರು ಸಲ ಹೊರಗೆ ಹೋದಾಗ ಚಾಕು ಬೇಕೆನಿಸಿದ ಕೆಲಸಗಳನ್ನೆಲ್ಲ ಬರೆಯಿರಿ. ಹಗ್ಗ ಕತ್ತರಿಸಿದ್ದು, ಬೆಂಕಿಗೆ ಕಡ್ಡಿ ಸೀಳಿದ್ದು, ಗಾಳದ ಕೊಕ್ಕೆ ಬಿಡಿಸಿದ್ದು, ಬೂಟಿನ ಪಟ್ಟಿಗೆ ತೂತು ಮಾಡಿದ್ದು, ಬಿಸಿ ಪಾತ್ರೆ ಹಿಡಿದು ಇಳಿಸಿದ್ದು, ಹೀಗೆ. ಮುಂದೆ ಬೇಕಾಗಬಹುದು ಎನ್ನುವುದನ್ನು ಬರೆಯಬೇಡಿ, ಆಗಿದ್ದನ್ನು ಮಾತ್ರ ಬರೆಯಿರಿ.

ಹಕ್ಕಿ, ಮೊಲದಂಥ ಸಣ್ಣ ಬೇಟೆ ಮಾಡುವವರಿಗೆ ಚಿಕ್ಕ ಚೂಪು ಅಲಗು ಮತ್ತು ಗಟ್ಟಿ ಕತ್ತರಿ ಇದ್ದರೆ ಬಹುತೇಕ ಸಾಕು. ಜಿಂಕೆ, ಹಂದಿಯಂಥ ದೊಡ್ಡ ಪ್ರಾಣಿಯಾದರೆ ಲಾಕ್ ಇರುವ ಅಲಗು ಮತ್ತು ಗರಗಸ ಬೇಕು. ಬೇಟೆಯಿಲ್ಲದೆ ಬರೀ ನಡಿಗೆ, ಡೇರೆ, ಮೀನು ಎನ್ನುವವರಿಗೆ ಇಕ್ಕಳ, ಕತ್ತರಿ, ಚಿಮಟ ಹೆಚ್ಚು ಉಪಯೋಗಕ್ಕೆ ಬರುತ್ತವೆ. ನಿಮ್ಮ ಚೀಟಿ ಏನು ಹೇಳುತ್ತದೋ ಅದನ್ನೇ ನಂಬಿ.

ಹಂತ 2: ಎರಡು ಮನೆತನಗಳಲ್ಲಿ ಒಂದನ್ನು ಆರಿಸಿ

ಇವತ್ತು ಸಿಗುವ ಮಲ್ಟಿಟೂಲ್‌ಗಳೆಲ್ಲ ಸುಮಾರಾಗಿ ಎರಡು ಮನೆತನಕ್ಕೆ ಸೇರುತ್ತವೆ. ಒಂದು, ಚಾಕುವನ್ನೇ ನಡುವಿಗೆ ಇಟ್ಟುಕೊಂಡದ್ದು. ಇನ್ನೊಂದು, ಇಕ್ಕಳವನ್ನು ನಡುವಿಗೆ ಇಟ್ಟುಕೊಂಡದ್ದು.

ಮೊದಲನೆಯದರ ಮೂಲ ಸ್ವಿಟ್ಜರ್ಲೆಂಡ್. ಕಾರ್ಲ್ ಎಲ್ಸೆನರ್ 1884ರಲ್ಲಿ ಇಬಾಕ್ ಎಂಬ ಊರಿನಲ್ಲಿ ಚಾಕು ಮಾಡುವ ಕಾರ್ಯಾಗಾರ ತೆರೆದರು. 1891ರಲ್ಲಿ ಸ್ವಿಸ್ ಸೈನಿಕರಿಗೆ ಚಾಕು ಒದಗಿಸಿದರು. ಆ ಮೊದಲ ಚಾಕುವಿನಲ್ಲಿ ಇದ್ದದ್ದು ನಾಲ್ಕೇ: ಅಲಗು, ದಬ್ಬಳ, ಡಬ್ಬಿ ತೆರೆಯುವ ಕೊಕ್ಕೆ, ಸ್ಕ್ರೂಡ್ರೈವರ್. ಸ್ಕ್ರೂಡ್ರೈವರ್ ಯಾಕೆ ಗೊತ್ತಾ? ಸೈನಿಕರು ತಮ್ಮ ರೈಫಲ್ ಬಿಚ್ಚಿ ಜೋಡಿಸಬೇಕಿತ್ತು. ಅಂದರೆ ಕೆಲಸ ಮೊದಲು ಬಂತು, ಉಪಕರಣ ಆಮೇಲೆ ಬಂತು. ಈಗ ನಮಗೆಲ್ಲ ಗೊತ್ತಿರುವ ಕೆಂಪು ಚಾಕುವಿನ ಪೂರ್ವಜ 1897ರಲ್ಲಿ ನೋಂದಣಿಯಾದ ಅಧಿಕಾರಿಗಳ ಚಾಕು. ಇದೇ ಮುಂದೆ ವಿಕ್ಟೋರಿನಾಕ್ಸ್ ಆಯಿತು.

ಎರಡನೆಯ ಮನೆತನ ಅಮೆರಿಕದ್ದು. ಟಿಮ್ ಲೆದರ್‌ಮನ್ 1975ರಲ್ಲಿ ಹಳೆಯ ಫಿಯಟ್ ಕಾರಿನಲ್ಲಿ ಯೂರೋಪ್ ಸುತ್ತುತ್ತಿದ್ದಾಗ ಕಾರೂ ಕೈಕೊಡುತ್ತಿತ್ತು, ಹೋಟೆಲಿನ ನಲ್ಲಿಗಳೂ ಸೋರುತ್ತಿದ್ದವು. ಜೇಬಿನಲ್ಲಿ ಚಾಕು ಇತ್ತು, ಆದರೆ ಬೇಕಾಗಿದ್ದದ್ದು ಇಕ್ಕಳ. ಆ ಯೋಚನೆ ಮಾರುಕಟ್ಟೆಗೆ ಬಂದದ್ದು 1983ರಲ್ಲಿ.

ಈ ಎರಡು ಕಥೆಗಳಲ್ಲೇ ನಿಮ್ಮ ಉತ್ತರ ಇದೆ. ನಿಮ್ಮ ಚೀಟಿಯಲ್ಲಿ ಕತ್ತರಿಸುವ ಕೆಲಸ ಜಾಸ್ತಿ ಇದ್ದರೆ ಚಾಕು ಮನೆತನ. ಹಿಡಿಯುವುದು, ಎಳೆಯುವುದು, ಬಗ್ಗಿಸುವುದು, ತಂತಿ ತುಂಡರಿಸುವುದು ಜಾಸ್ತಿ ಇದ್ದರೆ ಇಕ್ಕಳ ಮನೆತನ. ತೂಕದ ವ್ಯತ್ಯಾಸ ಗೊತ್ತಿರಲಿ. ಅಲಗು, ಗರಗಸ, ಕತ್ತರಿ ಎಲ್ಲ ಇರುವ 91 ಮಿಲಿಮೀಟರ್ ಉದ್ದದ ವಿಕ್ಟೋರಿನಾಕ್ಸ್ ಹಂಟ್ಸ್‌ಮನ್ ಸುಮಾರು 97 ಗ್ರಾಂ. ಲೆದರ್‌ಮನ್ ವೇವ್ ಸುಮಾರು 240 ಗ್ರಾಂ. ಮೊದಲನೆಯದು ಪ್ಯಾಂಟಿನ ಜೇಬಿಗೆ ಸರಿ, ಎರಡನೆಯದಕ್ಕೆ ಬೆಲ್ಟಿನ ಚೀಲ ಬೇಕು.

ಹಂತ 3: ಅಲಗು

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಉಳಿದ ಯಾವ ಉಪಕರಣ ಕೆಟ್ಟರೂ ಹೇಗೋ ಸಂಭಾಳಿಸಬಹುದು, ಅಲಗು ಸರಿಯಿಲ್ಲದಿದ್ದರೆ ಕೈಯಲ್ಲಿರುವುದು ಚಾಕುವೇ ಅಲ್ಲ.

ಉದ್ದ 7ರಿಂದ 10 ಸೆಂಟಿಮೀಟರ್ ಇದ್ದರೆ ಹೆಚ್ಚಿನ ಎಲ್ಲ ಕೆಲಸಕ್ಕೂ ಸಾಕು. ಪ್ರಾಣಿಯ ಹೊಟ್ಟೆ ಸೀಳುವಾಗ ಉದ್ದ ಅಲಗು ಇದ್ದಷ್ಟೂ ಮೊನೆ ಎಲ್ಲಿದೆ ಎಂದು ಕಾಣದೆ ಕರುಳಿಗೋ ಮೂತ್ರಕೋಶಕ್ಕೋ ತಾಗುತ್ತದೆ. ಒಮ್ಮೆ ಅದು ಒಡೆದು ಮಾಂಸದ ಮೇಲೆ ಚೆಲ್ಲಿತೆಂದರೆ ಅಷ್ಟು ಭಾಗ ಹಾಳು. ಚಿಕ್ಕ ಅಲಗಿನ ಮೊನೆಯ ಹತ್ತಿರ ತೋರುಬೆರಳು ಇಟ್ಟುಕೊಂಡು ಕೆಲಸ ಮಾಡಬಹುದು, ಆ ಹಿಡಿತ ಉದ್ದ ಅಲಗಿನಲ್ಲಿ ಸಿಗುವುದಿಲ್ಲ.

ಆಕಾರದಲ್ಲಿ ಬೆನ್ನು ನಿಧಾನವಾಗಿ ಕೆಳಗಿಳಿದು ಮೊನೆ ಸೇರುವ ಅಲಗು, ಅಂದರೆ ಡ್ರಾಪ್ ಪಾಯಿಂಟ್, ಬೇಟೆಗೆ ನನ್ನ ಮೊದಲ ಆಯ್ಕೆ. ಮೊನೆ ಗಟ್ಟಿ, ಅಲಗಿನ ಹರಿತ ಬದಿಯಲ್ಲಿ ಬಾಗು ಇರುವುದರಿಂದ ಚರ್ಮ ಸುಲಿಯಲು ಸಲೀಸು. ಬೆನ್ನನ್ನು ಕೊರೆದು ಮೊನೆಯನ್ನು ಸೂಜಿಯಂತೆ ಮಾಡಿದ ಕ್ಲಿಪ್ ಪಾಯಿಂಟ್ ಚುಚ್ಚಲು ಚೆನ್ನ, ಆದರೆ ತಿರುಚಿದರೆ ಮೊನೆ ಮುರಿಯುವುದು ಬೇಗ.

ಗರಗಸದಂಥ ಹಲ್ಲು ಇರುವ ಅಲಗು ಬೇಕಾ? ಹಗ್ಗ, ಪಟ್ಟಿ ಕತ್ತರಿಸಲು ಅದಕ್ಕೆ ಸಾಟಿಯಿಲ್ಲ. ಮಾಂಸಕ್ಕೆ ಮಾತ್ರ ಬೇಡವೇ ಬೇಡ. ಸೀಳಿದ ಜಾಗ ಹರಿದುಹೋದ ಹಾಗಿರುತ್ತದೆ, ಕೂದಲು ಕೊಬ್ಬು ಎಲ್ಲ ಹಲ್ಲಿನ ಸಂದಿಯಲ್ಲಿ ಸೇರಿಕೊಳ್ಳುತ್ತದೆ, ಕಾಡಿನಲ್ಲಿ ಮಸೆಯಲೂ ಆಗುವುದಿಲ್ಲ. ಅರ್ಧ ನಯ, ಅರ್ಧ ಹಲ್ಲು ಇರುವ ಅಲಗು ಎರಡೂ ಕೆಲಸವನ್ನು ಅರೆಬರೆ ಮಾಡುತ್ತದೆ. ಹಲ್ಲು ಬೇಕೇಬೇಕು ಎಂದರೆ ಅದಕ್ಕೆ ಬೇರೆಯೇ ಎರಡನೆಯ ಅಲಗು ಇರುವ ಮಾದರಿ ನೋಡಿ. ಇಕ್ಕಳ ಮನೆತನದಲ್ಲಿ ಇಂಥವು ಹಲವು ಸಿಗುತ್ತವೆ.

ಬೇಟೆಗೆಂದೇ ಮಾಡಿದ ಕೆಲವು ಚಾಕುಗಳಲ್ಲಿ ಹೊಟ್ಟೆ ಸೀಳಲು ಪ್ರತ್ಯೇಕ ಅಲಗು ಇರುತ್ತದೆ. ತುದಿ ಮೊಂಡು, ಬಾಯಿ ಮಾತ್ರ ಹರಿತ. ಚರ್ಮದ ಕೆಳಗೆ ತೂರಿಸಿ ಮುಂದಕ್ಕೆ ತಳ್ಳಿದರೆ ಕರುಳಿಗೆ ತಾಗದೆ ಚರ್ಮ ಬಿಚ್ಚಿಕೊಳ್ಳುತ್ತದೆ. ದೊಡ್ಡ ಪ್ರಾಣಿಯ ಬೇಟೆಗೆ ಹೊಸಬರಾಗಿದ್ದರೆ ಇದು ನಿಜಕ್ಕೂ ಉಪಕಾರಿ. ಕೈ ಪಳಗಿದವರು ಎರಡು ಬೆರಳುಗಳ ನಡುವೆ ಅಲಗನ್ನು ಬಾಯಿ ಮೇಲಾಗಿ ಹಿಡಿದು ಇದೇ ಕೆಲಸವನ್ನು ಸಾಮಾನ್ಯ ಅಲಗಿನಲ್ಲೇ ಮಾಡುತ್ತಾರೆ.

ಹಂತ 4: ಉಕ್ಕು

ಉಕ್ಕಿನ ಹೆಸರುಗಳ ಪಟ್ಟಿ ನೋಡಿ ಗಾಬರಿಯಾಗಬೇಡಿ. ಗಡಸು ಹೆಚ್ಚಾದಷ್ಟೂ ಹರಿತ ಹೆಚ್ಚು ಹೊತ್ತು ನಿಲ್ಲುತ್ತದೆ, ಆದರೆ ಮಸೆಯುವುದು ಕಷ್ಟ, ಚಕ್ಕೆ ಏಳುವ ಭಯವೂ ಹೆಚ್ಚು. ಮೆದುವಾದ ಉಕ್ಕು ಬೇಗ ಮೊಂಡಾಗುತ್ತದೆ, ಆದರೆ ಸಣ್ಣ ಕಲ್ಲಿನಲ್ಲಿ ನಾಲ್ಕು ಸಲ ಎಳೆದರೆ ಮತ್ತೆ ಹರಿತ. ಸ್ವಿಸ್ ಚಾಕುಗಳ ಅಲಗಿನ ಗಡಸು ರಾಕ್‌ವೆಲ್ ಅಳತೆಯಲ್ಲಿ ಸುಮಾರು 56. ಹಲವು ಮಲ್ಟಿಟೂಲ್‌ಗಳಲ್ಲಿ ಬಳಸುವ 420ಎಚ್‌ಸಿ ಎಂಬ ಉಕ್ಕು ಕೂಡ ಅದೇ ಆಸುಪಾಸಿನದು. ಎಸ್30ವಿ, ಮ್ಯಾಗ್ನಾಕಟ್ ಥರದವು ಇದಕ್ಕಿಂತ ಗಡಸು, ಹರಿತ ಬಹಳ ಹೊತ್ತು ನಿಲ್ಲುತ್ತದೆ, ಬೆಲೆಯೂ ಹಾಗೇ.

ನನ್ನ ಸಲಹೆ: ದಿನಕ್ಕೊಂದು ಎರಡು ಸಲ ಮಸೆಯಲು ಬೇಸರವಿಲ್ಲದವರಿಗೆ ಮೆದು ಉಕ್ಕು ಸಾಕು. ಒಂದೇ ಸಲಕ್ಕೆ ದೊಡ್ಡ ಪ್ರಾಣಿಯೊಂದನ್ನು ಪೂರ್ತಿ ಸುಲಿಯುವ ಕೆಲಸ ಇದ್ದರೆ ಗಡಸು ಉಕ್ಕಿಗೆ ಹಣ ಹಾಕಿ. ಇಂಗಾಲ ಜಾಸ್ತಿ ಇರುವ, ಸ್ಟೇನ್‌ಲೆಸ್ ಅಲ್ಲದ ಉಕ್ಕು ಮಡಚುವ ಚಾಕುವಿನಲ್ಲಿ ಬೇಡ ಎನ್ನುತ್ತೇನೆ. ರಕ್ತದಲ್ಲಿ ಉಪ್ಪು ಇರುತ್ತದೆ. ಅದು ಕೀಲಿನೊಳಗೆ ಇಳಿದು ಕುಳಿತರೆ ಹೊರಗಡೆ ಎಷ್ಟು ಒರೆಸಿದರೂ ಒಳಗೆ ತುಕ್ಕು ಶುರುವಾಗಿರುತ್ತದೆ. ಡಿ2 ಉಕ್ಕಿನಲ್ಲಿ ತುಕ್ಕು ತಡೆಯುವ ಕ್ರೋಮಿಯಂ ಸುಮಾರು ಶೇ 12ರಷ್ಟು ಇದ್ದರೂ ಅದು ಪೂರ್ತಿ ಸ್ಟೇನ್‌ಲೆಸ್‌ನಂತೆ ವರ್ತಿಸುವುದಿಲ್ಲ, ನೆನಪಿರಲಿ. ಅಲಗಿನ ಮೇಲೆ ಬರೀ ‘ಸ್ಟೇನ್‌ಲೆಸ್’ ಎಂದು ಬರೆದು ಉಕ್ಕಿನ ಹೆಸರನ್ನೇ ಹೇಳದ ಚಾಕುವನ್ನು ನಾನು ಮುಟ್ಟುವುದಿಲ್ಲ, ಹೆಸರುವಾಸಿ ತಯಾರಕರದ್ದಾದರೆ ಮಾತ್ರ ಬೇರೆ ಮಾತು.

ಹಂತ 5: ಲಾಕ್

ಹಲವು ವರ್ಷದ ಹಿಂದೆ ಬೆಲ್ಟಿಗೆ ತೂತು ಮಾಡಲು ಲಾಕ್ ಇಲ್ಲದ ದಬ್ಬಳ ಬಳಸುತ್ತಿದ್ದೆ. ತೊಗಲು ಗಟ್ಟಿಯಿತ್ತು, ಇನ್ನಷ್ಟು ಒತ್ತಿದೆ, ದಬ್ಬಳ ಒಮ್ಮೆಲೇ ಮಡಚಿಕೊಂಡು ತೋರುಬೆರಳಿನ ಗೆಣ್ಣಿನ ಮೇಲೆ ಇಳಿಯಿತು. ಗಾಯ ಆಳವಾಗಿತ್ತು. ವೈದ್ಯರು ಅರ್ಧ ದಿನದ ದಾರಿ. ಬಟ್ಟೆ ಸುತ್ತಿ, ಕೈ ಮೇಲೆತ್ತಿ ಹಿಡಿದುಕೊಂಡು ನಡೆದ ಆ ದಾರಿ ಇನ್ನೂ ಮರೆತಿಲ್ಲ. ಆ ಬೆರಳು ಚಳಿಯಲ್ಲಿ ಈಗಲೂ ಬಿಗಿಯುತ್ತದೆ. ಅದಕ್ಕೇ ಈ ಹಂತವನ್ನು ಯಾರೂ ಹಾರಿಸಬಾರದು ಎಂದು ಕೇಳಿಕೊಳ್ಳುತ್ತೇನೆ.

ಲಾಕ್ ಇಲ್ಲದ ಚಾಕುಗಳಲ್ಲಿ ಅಲಗನ್ನು ತೆರೆದು ನಿಲ್ಲಿಸುವುದು ಬೆನ್ನಿನ ಸ್ಪ್ರಿಂಗ್ ಮಾತ್ರ. ಹಣ್ಣು ಹೆಚ್ಚಲು, ಹಗ್ಗ ಕತ್ತರಿಸಲು ಅದು ಧಾರಾಳ ಸಾಕು, ಏಕೆಂದರೆ ಒತ್ತಡ ಬಾಯಿಯ ಮೇಲೆ ಬೀಳುತ್ತದೆ, ಅದು ಅಲಗನ್ನು ಇನ್ನಷ್ಟು ತೆರೆಯುವ ಕಡೆಗೇ ತಳ್ಳುತ್ತದೆ. ಚುಚ್ಚುವಾಗ, ತಿರುಗಿಸುವಾಗ, ಅಲಗು ಎಲ್ಲೋ ಸಿಕ್ಕಿಕೊಂಡು ಹಿಂದಕ್ಕೆ ಎಳೆಯುವಾಗ ಒತ್ತಡ ಬೆನ್ನಿನ ಕಡೆಯಿಂದ ಬರುತ್ತದೆ. ಅಪಾಯ ಇರುವುದು ಆಗಲೇ. ಬೇಟೆಯಲ್ಲಿ ಕೈ ರಕ್ತ, ಕೊಬ್ಬಿನಿಂದ ಜಾರುತ್ತಿರುತ್ತದೆ, ಅಲಗು ಕಾಣದ ಜಾಗದಲ್ಲಿ ಓಡುತ್ತಿರುತ್ತದೆ. ಹಾಗಾಗಿ ಬೇಟೆಗೆ ಲಾಕ್ ಇರುವ ಅಲಗೇ ಬೇಕು.

ಲಾಕ್‌ಗಳಲ್ಲಿ ಲೈನರ್ ಲಾಕ್ ಹೆಚ್ಚು ಕಾಣಸಿಗುತ್ತದೆ. ಹಿಡಿಯೊಳಗಿನ ತೆಳು ತಗಡು ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಆನಿಕೊಳ್ಳುತ್ತದೆ. ಮುಚ್ಚುವಾಗ ಹೆಬ್ಬೆರಳು ಅಲಗಿನ ದಾರಿಯಲ್ಲೇ ಇರುತ್ತದೆ, ಕೈಗವಸು ಹಾಕಿಕೊಂಡಾಗ ಇದು ಗಮನದಲ್ಲಿರಲಿ. ಬ್ಯಾಕ್ ಲಾಕ್‌ನಲ್ಲಿ ಹಿಡಿಯ ಬೆನ್ನ ಮೇಲಿನ ಪಟ್ಟಿ ಒತ್ತಬೇಕು, ಗಟ್ಟಿಮುಟ್ಟು, ಆದರೆ ಆ ಸಂದಿಯಲ್ಲಿ ಕೊಳೆ ತುಂಬಿಕೊಂಡರೆ ಪೂರ್ತಿ ಕೂರುವುದಿಲ್ಲ. ಯಾವ ಲಾಕ್ ಆದರೂ ಸರಿ, ತೆರೆದಾಗ ‘ಟಕ್’ ಎಂಬ ಸ್ಪಷ್ಟ ಸದ್ದು ಬರಬೇಕು.

ಇನ್ನೊಂದು ಮಾತು. ದೊಡ್ಡ ಅಲಗಿಗೆ ಲಾಕ್ ಇದೆ ಎಂದ ಮಾತ್ರಕ್ಕೆ ಗರಗಸಕ್ಕೂ ದಬ್ಬಳಕ್ಕೂ ಇದೆ ಎಂದು ತಿಳಿಯಬೇಡಿ. ಒಂದೊಂದನ್ನೂ ತೆರೆದು ನೋಡಿ.

ಹಂತ 6: ಉಳಿದ ಉಪಕರಣಗಳು

ಗರಗಸ ಇದ್ದರೆ ಹಸಿ ಕೊಂಬೆ, ಡೇರೆಯ ಗೂಟ, ಅಡ್ಡ ಬಿದ್ದ ಟೊಂಗೆ ಎಲ್ಲ ಸಲೀಸು. ಹೆಬ್ಬೆರಳಿಗಿಂತ ತುಸು ದಪ್ಪದ ಕೊಂಬೆಗೆ ಸರಿ, ಅದಕ್ಕಿಂತ ದೊಡ್ಡದಕ್ಕೆ ಬೇರೆ ಗರಗಸ ಒಯ್ಯಿರಿ. ಹಲ್ಲುಗಳು ಅಲಗಿನ ಬೆನ್ನಿಗಿಂತ ಸ್ವಲ್ಪ ಅಗಲವಾಗಿ ಇವೆಯೇ ನೋಡಿ, ಇಲ್ಲದಿದ್ದರೆ ಮರದಲ್ಲಿ ಸಿಕ್ಕಿಕೊಳ್ಳುತ್ತದೆ. ಮೂಳೆಗೆ ಇದನ್ನು ಬಳಸುವವರಿದ್ದಾರೆ. ನಾನಂತೂ ಕೀಲಿನ ಸಂದಿಯಲ್ಲಿ ಅಲಗು ಆಡಿಸಿ ಬಿಡಿಸುವುದನ್ನೇ ಇಷ್ಟಪಡುತ್ತೇನೆ, ಮೂಳೆಪುಡಿ ಮಾಂಸಕ್ಕೆ ಸೇರುವುದಿಲ್ಲ, ಹಲ್ಲೂ ಉಳಿಯುತ್ತದೆ.

ಇಕ್ಕಳದ ತುದಿಗಳು ಮುಚ್ಚಿದಾಗ ಒಂದಕ್ಕೊಂದು ಸರಿಯಾಗಿ ಕೂಡಬೇಕು. ಬೆಳಕಿಗೆ ಹಿಡಿದು ನೋಡಿ. ತುದಿಯಲ್ಲಿ ಒಂದು ಕೂದಲನ್ನು ಹಿಡಿದು ಎಳೆಯಲು ಬಂದರೆ ಮುಳ್ಳು, ಕೊಕ್ಕೆ ಯಾವುದಕ್ಕೂ ಸೈ.

ಸ್ಕ್ರೂಡ್ರೈವರ್ ವಿಷಯದಲ್ಲಿ ಕೊಳ್ಳುವ ಮುನ್ನವೇ ಮನೆಯಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಬಂದೂಕು, ದುರ್ಬೀನಿನ ಹಿಡಿಕೆ, ಒಲೆ, ಟಾರ್ಚ್ ಎಲ್ಲದರ ಸ್ಕ್ರೂ ತಲೆಗಳನ್ನು ನೋಡಿ ಬರೆದುಕೊಳ್ಳಿ. ರೈಫಲ್ ಮೇಲಿನ ದುರ್ಬೀನಿನ ಬಳೆಗಳಿಗೆ ಟಿ15 ಟಾರ್ಕ್ಸ್ ಸ್ಕ್ರೂ (ತಲೆಯಲ್ಲಿ ನಕ್ಷತ್ರದಂಥ ಗುಳಿ ಇರುವುದು) ಇರುವುದು ಸಾಮಾನ್ಯ, ಅದಕ್ಕೆ ಮಲ್ಟಿಟೂಲ್‌ನ ಚಪ್ಪಟೆ ತುದಿ ಏನೂ ಮಾಡಲಾರದು. ಬಿಟ್, ಅಂದರೆ ಸ್ಕ್ರೂಡ್ರೈವರ್ ತುದಿ, ಬದಲಿಸಬಹುದಾದ ಮಾದರಿಯಾದರೆ ಬೇಕಾದ ಎರಡು ಬಿಟ್ ಜೊತೆಗಿಟ್ಟುಕೊಂಡರೆ ಮುಗಿಯಿತು. ಬಂದೂಕಿಗೆ ಕೈ ಹಾಕುವ ಮುನ್ನ ಗುಂಡು ತೆಗೆದು ಎರಡು ಸಲ ಖಚಿತ ಮಾಡಿಕೊಳ್ಳಿ.

ಕತ್ತರಿ, ಚಿಮಟ ಎರಡನ್ನೂ ಜನ ಕಡೆಗಣಿಸುತ್ತಾರೆ. ಬ್ಯಾಂಡೇಜ್ ಕತ್ತರಿಸಲು ಕತ್ತರಿಯಷ್ಟು ಸುರಕ್ಷಿತ ಇನ್ನೊಂದಿಲ್ಲ. ಮೈಗೆ ಕಚ್ಚಿದ ಉಣ್ಣಿಯನ್ನು ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ, ನೇರ ಮೇಲಕ್ಕೆ ನಿಧಾನವಾಗಿ ಎಳೆಯಬೇಕು, ಅದಕ್ಕೆ ಚಿಮಟದ ತುದಿ ತೆಳ್ಳಗಿರಬೇಕು. ಬಾಟಲಿ ಬಿರಡೆ ತೆಗೆಯುವ ಸುರುಳಿ, ಉಗುರು ಉಜ್ಜುವ ಅರ, ಭೂತಗನ್ನಡಿ ಇವು ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಹಂತ 7: ಹಿಡಿ, ಬಣ್ಣ, ಒಯ್ಯುವ ಬಗೆ

ಕೈಯನ್ನು ಒದ್ದೆ ಮಾಡಿಕೊಂಡು ಹಿಡಿದು ನೋಡಿ. ನಯವಾಗಿ ಹೊಳೆಯುವ ಹಿಡಿ ನೋಡಲು ಚೆಂದ, ಕೊಬ್ಬು ತಾಗಿದಾಗ ಸಾಬೂನಿನಂತೆ ಜಾರುತ್ತದೆ. ರಬ್ಬರ್ ಪಟ್ಟಿ ಅಥವಾ ಗೀರುಗಳಿರುವ ಹಿಡಿ ವಾಸಿ. ಬರೀ ಲೋಹದ ಹಿಡಿ ಕೊರೆಯುವ ಚಳಿಯಲ್ಲಿ ಬೆರಳು ಮರಗಟ್ಟಿಸುತ್ತದೆ. ಇಕ್ಕಳ ಮನೆತನದ ಹಳೆಯ ಮಾದರಿಗಳಲ್ಲಿ ಅಲಗು ತೆಗೆಯಲು ಇಡೀ ಇಕ್ಕಳ ಬಿಚ್ಚಬೇಕಾಗುತ್ತಿತ್ತು. ಈಗ ಹೊರಗಿನಿಂದಲೇ ಒಂದು ಕೈಯಲ್ಲಿ ತೆರೆಯುವ ಮಾದರಿಗಳಿವೆ, ಬೇಟೆಗೆ ಅದನ್ನೇ ಆರಿಸಿ. ಇನ್ನೊಂದು ಕೈ ಯಾವಾಗಲೂ ಏನನ್ನೋ ಹಿಡಿದಿರುತ್ತದೆ.

ಬಣ್ಣ ಕಿತ್ತಳೆಯೋ ಕೆಂಪೋ ಇರಲಿ. ಹಸಿರು, ಕಂದು, ಎಲೆಚಿತ್ರದ ಹಿಡಿಗಳು ಬೇಟೆಯವರಿಗೆಂದೇ ಮಾರಾಟವಾಗುತ್ತವೆ, ಆದರೆ ತರಗೆಲೆಯ ಮೇಲೆ ಇಟ್ಟು ಎರಡು ಹೆಜ್ಜೆ ಹೋಗಿ ಬಂದರೆ ಎಲ್ಲಿಟ್ಟೆ ಎಂದೇ ಗೊತ್ತಾಗುವುದಿಲ್ಲ. ಕತ್ತಲಾಗುತ್ತಿರುವಾಗ ಮಂಡಿಯೂರಿ ಚಾಕು ಹುಡುಕುವುದು ಯಾರಿಗೂ ಬೇಡ.

ಹಂತ 8: ಕಾನೂನು

ಕೊಳ್ಳುವ ಮೊದಲೇ ನೋಡಿ, ಒಂದೊಂದು ದೇಶದಲ್ಲಿ ಒಂದೊಂದು ನಿಯಮ. ಬ್ರಿಟನ್ನಿನಲ್ಲಿ 3 ಇಂಚಿಗಿಂತ ಹೆಚ್ಚಿಲ್ಲದ, ಲಾಕ್ ಇಲ್ಲದ ಮಡಚುವ ಚಾಕುವನ್ನು ಕಾರಣ ಹೇಳದೆ ಇಟ್ಟುಕೊಂಡು ಓಡಾಡಬಹುದು, ಲಾಕ್ ಇದ್ದರೆ ಸರಿಯಾದ ಕಾರಣ ಬೇಕು. ಅಂದರೆ ಬೇಟೆಗೆ ನಾನು ಬೇಕೇಬೇಕು ಎಂದ ಲಾಕ್, ದಾರಿಯಲ್ಲಿ ತೊಂದರೆಯಾಗಬಹುದು. ನೀವು ಹೋಗುವ ಜಾಗದ ನಿಯಮ ಓದಿಕೊಳ್ಳಿ. ವಿಮಾನದಲ್ಲಿ ಕೈಚೀಲಕ್ಕೆ ಹಾಕಬೇಡಿ, ಕೊಡುವ ಲಗೇಜಿನಲ್ಲಿ ಸುತ್ತಿ ಇಡಿ.

ಹಂತ 9: ಕೈಯಲ್ಲಿ ಹಿಡಿದು ಪರೀಕ್ಷಿಸಿ

ಚಾಕು ಕೈಗೆ ಬಂದ ಕೂಡಲೇ ಎಲ್ಲ ಉಪಕರಣವನ್ನೂ ಒಂದೊಂದಾಗಿ ತೆರೆದು ಮುಚ್ಚಿ. ಉಗುರು ಒಡೆಯುವಷ್ಟು ಬಿಗಿ ಇರಬಾರದು, ತಾನಾಗಿ ಜೋಲುವಷ್ಟು ಸಡಿಲವೂ ಇರಬಾರದು. ಅಲಗು ತೆರೆದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ, ಕೀಲಿನಲ್ಲಿ ಆಟ ಇದ್ದರೆ ವಾಪಸ್ ಕೊಡಿ. ಮುಚ್ಚಿದಾಗ ಅಲಗು ಪಕ್ಕದ ತಗಡಿಗೆ ತಾಗದೆ ನಡುವೆ ಕೂರಬೇಕು. ಲಾಕ್ ಹಾಕಿ, ಬೆರಳುಗಳನ್ನು ಅಲಗಿನ ದಾರಿಯಿಂದ ದೂರ ಇಟ್ಟು, ಅಲಗಿನ ಬೆನ್ನನ್ನು ಮರದ ಹಲಗೆಗೆ ನಿಧಾನವಾಗಿ ಒತ್ತಿ. ಮಿಸುಕಬಾರದು. ಬಡಿದು ನೋಡಬೇಡಿ, ಒಳ್ಳೆಯ ಲಾಕ್ ಕೂಡ ಅದರಿಂದ ಹಾಳಾಗುತ್ತದೆ. ನೀವು ಹಾಕುವ ಕೈಗವಸು ಹಾಕಿಕೊಂಡು ಇದನ್ನೆಲ್ಲ ಮತ್ತೊಮ್ಮೆ ಮಾಡಿ. ಕೊನೆಗೆ ತೆರೆದ ಹಿಡಿಯನ್ನು ಬಿಗಿಯಾಗಿ ಹಿಡಿದು ಮರದ ತುಂಡೊಂದನ್ನು ಐದು ನಿಮಿಷ ಕೆತ್ತಿ. ಅಂಗೈಯಲ್ಲಿ ಎಲ್ಲಿ ಒತ್ತುತ್ತದೆ ಎಂಬುದು ಆಗ ಗೊತ್ತಾಗುತ್ತದೆ. ಅಂಗಡಿಯಲ್ಲಿ ಅರ್ಧ ನಿಮಿಷ ಹಿಡಿದರೆ ಇದು ತಿಳಿಯುವುದಿಲ್ಲ.

ಹಂತ 10: ಜೊತೆಗೊಂದು ಚಾಕು ಬೇಕಾ?

ದೊಡ್ಡ ಬೇಟೆಯಾದರೆ ಬೇಕು, ಇದರಲ್ಲಿ ನನಗೆ ಅನುಮಾನವೇ ಇಲ್ಲ. ಮಡಚದ ಚಿಕ್ಕ ಚಾಕು ಒಂದು, ಹಗುರ ಮಲ್ಟಿಟೂಲ್ ಒಂದು, ಈ ಜೋಡಿ ಭಾರದ ದೊಡ್ಡ ಮಲ್ಟಿಟೂಲ್‌ಗಿಂತ ಎಷ್ಟೋ ವಾಸಿ. ಮಡಚದ ಚಾಕುವಿಗೆ ಕೀಲಿಲ್ಲ, ಲಾಕ್ ಇಲ್ಲ, ತೊಳೆಯುವುದು ಸುಲಭ. ಸೌದೆ ಸೀಳಲು ಅಲಗಿನ ಬೆನ್ನಿಗೆ ಕೊರಡಿನಿಂದ ಹೊಡೆಯುವ ಅಭ್ಯಾಸ ಇದ್ದರೆ ಅದಕ್ಕೂ ಇದೇ ಬೇಕು, ಮಡಚುವ ಚಾಕುವಿಗೆ ಹಾಗೆ ಹೊಡೆದರೆ ಕೀಲು ಸಡಿಲಗೊಳ್ಳುವುದು ಖಂಡಿತ.

ಹಂತ 11: ಮೊದಲ ಬಳಕೆ, ತೊಳೆಯುವುದು

ಚರ್ಮವನ್ನು ಯಾವಾಗಲೂ ಒಳಗಿನಿಂದ ಹೊರಕ್ಕೆ ಸೀಳಿ. ಹೊರಗಿನಿಂದ ಸೀಳಿದರೆ ಕೂದಲು, ಅದಕ್ಕಂಟಿದ ಮಣ್ಣು ಎಲ್ಲ ಬಾಯಿಗೆ ತಾಗಿ ಅಲಗು ಕ್ಷಣದಲ್ಲಿ ಮೊಂಡಾಗುತ್ತದೆ, ಮಾಂಸಕ್ಕೂ ಕೂದಲು ಅಂಟುತ್ತದೆ. ಕೈಗವಸು ಹಾಕಿಯೇ ಮಾಡಿ. ಮೊಲಗಳಿಂದ ಟುಲರೀಮಿಯಾ, ಕಾಡುಹಂದಿಗಳಿಂದ ಬ್ರುಸೆಲ್ಲೋಸಿಸ್ ಎಂಬ ಸೋಂಕು ರೋಗಗಳು ಮನುಷ್ಯರಿಗೆ ಹರಡುತ್ತವೆ, ಬೆರಳಿನ ಸಣ್ಣ ಗೀರು ಸಾಕು.

ಕೆಲಸ ಮುಗಿದ ಮೇಲೆ ರಕ್ತ ಒಣಗುವ ಮುನ್ನವೇ ನೀರು ಹಾಕಿ. ಮನೆಗೆ ಬಂದು ಎಲ್ಲ ಉಪಕರಣವನ್ನೂ ತೆರೆದಿಟ್ಟು, ಬಿಸಿ ಸಾಬೂನು ನೀರಿನಲ್ಲಿ ಮುಳುಗಿಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕೀಲುಗಳನ್ನು ಉಜ್ಜಿ. ನೀರಿನೊಳಗೇ ನಾಲ್ಕೈದು ಸಲ ತೆರೆದು ಮುಚ್ಚಿದರೆ ಒಳಗಿನ ಕೊಬ್ಬು ಹೊರಬರುತ್ತದೆ, ಬೆರಳು ಜೋಪಾನ. ಪೂರ್ತಿ ಒಣಗಿಸಿ, ಒಂದೊಂದು ಕೀಲಿಗೆ ಒಂದು ಹನಿ ಆಹಾರಕ್ಕೆ ತಾಗಿದರೂ ತೊಂದರೆಯಿಲ್ಲದ ಮಿನರಲ್ ಎಣ್ಣೆ ಬಿಡಿ. ಅಡುಗೆ ಎಣ್ಣೆ ಬೇಡ, ದಿನ ಕಳೆದಂತೆ ಅಂಟಾಗಿ ಕೀಲು ಹಿಡಿದುಕೊಳ್ಳುತ್ತದೆ.

ಮಸೆಯುವಾಗ ಒಂದೊಂದು ಬದಿಗೂ 15ರಿಂದ 20 ಡಿಗ್ರಿ ಕೋನ ಇಟ್ಟುಕೊಳ್ಳಿ, ಎರಡೂ ಬದಿಗೆ ಸಮನಾಗಿ ಎಳೆಯಿರಿ. ಆಮೇಲೆ ಚಾಕುವನ್ನು ತೊಗಲಿನ ಚೀಲದಲ್ಲಿ ತಿಂಗಳುಗಟ್ಟಲೆ ಇಡಬೇಡಿ, ತೊಗಲು ತೇವ ಹಿಡಿದಿಟ್ಟುಕೊಳ್ಳುತ್ತದೆ. ಒಣ ಬಟ್ಟೆಯಲ್ಲಿ ಸುತ್ತಿ, ಚೀಲವನ್ನು ಪಕ್ಕದಲ್ಲಿ ಬೇರೆಯಾಗಿ ಇಡಿ.